ಶಾಖೆ ಹಲವು, ಹಿಡಿತ ಒಂದು: ಫೈರ್‌ವಾಲ್‌ಗಳ ಕೇಂದ್ರೀಕೃತ ನಿರ್ವಹಣೆ

ಪ್ರಧಾನ ಕಚೇರಿ ನಾವುಂದದಲ್ಲಿದ್ದು, ಕುಂದಾಪುರ, ಭಟ್ಕಳ, ಬೆಂಗಳೂರುಗಳಲ್ಲಿ ಮಳಿಗೆಗಳಿರುವ ಸಂಸ್ಥೆಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಪ್ರತಿ ಮಳಿಗೆಯ ಅಂತರ್ಜಾಲ ಸಂಪರ್ಕಕ್ಕೂ ಒಂದು ಫೈರ್‌ವಾಲ್ ಕಾವಲಿರುತ್ತದೆ. ಇವನ್ನು ಆಯಾ ಊರಿನ ತಂತ್ರಜ್ಞರು ತಮಗೆ ತೋಚಿದಂತೆ ಅಳವಡಿಸಿದರೆ, ಕೆಲವೇ ವರ್ಷಗಳಲ್ಲಿ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಮಾಲೀಕರಿಗೇ ತಿಳಿಯದಂತಾಗುತ್ತದೆ.

ಈ ತೊಡಕಿಗೆ ಪರಿಹಾರವೆಂದರೆ ಕೇಂದ್ರೀಕೃತ ನಿರ್ವಹಣೆ. ಪಾಲೊ ಆಲ್ಟೊ ನೆಟ್‌ವರ್ಕ್ಸ್ ಸಂಸ್ಥೆಯ 'ಪನೋರಮಾ' ತಂತ್ರಾಂಶದಲ್ಲಿ ಈ ಕಾರ್ಯವನ್ನು ಎರಡು ಭಾಗಗಳಾಗಿ ವಿಂಗಡಿಸಲಾಗಿದೆ. ಸಾಧನದ ಮೂಲ ಹೊಂದಾಣಿಕೆಗಳು, ಅಂದರೆ ಜಾಲದ ಸಂಪರ್ಕ, ಡಿಎನ್‌ಎಸ್, ಗಡಿಯಾರ, ನಿರ್ವಾಹಕರ ಖಾತೆ ಮುಂತಾದವು 'ಟೆಂಪ್ಲೇಟ್'ನಲ್ಲಿರುತ್ತವೆ. ಮಳಿಗೆಯಿಂದ ಮಳಿಗೆಗೆ ಬದಲಾಗುವ ಐಪಿ ವಿಳಾಸದಂಥವುಗಳಿಗೆ ಟೆಂಪ್ಲೇಟ್‌ನಲ್ಲಿ ಚರಾಂಕವನ್ನಿಟ್ಟು, ಮೌಲ್ಯವನ್ನು ಸಾಧನವಾರು ತುಂಬಬಹುದು. ಮುದ್ರಿತ ಬಿಲ್ ಪುಸ್ತಕದಲ್ಲಿ ಗ್ರಾಹಕರ ಹೆಸರಿಗೆ ಖಾಲಿ ಜಾಗ ಬಿಟ್ಟಂತೆ.

ಗಡಿಯಾರದ ವಿಷಯ ಕ್ಷುಲ್ಲಕವೆನಿಸಬಹುದು, ಆದರೆ ಅಲ್ಲ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಗಣಕ ವ್ಯವಸ್ಥೆಗಳ ಸಮಯವು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಕೊಂಡಿರಬೇಕು, ದಾಖಲೆಗಳನ್ನು 180 ದಿನ ಕಾಯ್ದಿಡಬೇಕು, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಒಂದು ಮಳಿಗೆಯ ಗಡಿಯಾರ ಅರ್ಧ ಗಂಟೆ ಹಿಂದಿದ್ದರೂ ಯಾವ ಘಟನೆ ಮೊದಲು ನಡೆಯಿತೆಂದು ಹೇಳುವುದು ಕಷ್ಟ.

ಎರಡನೆಯ ಭಾಗ 'ಡಿವೈಸ್ ಗ್ರೂಪ್'. ಯಾರು ಎಲ್ಲಿಗೆ ಹೋಗಬಹುದೆಂಬ ನಿಯಮಗಳು ಇದರಲ್ಲಿರುತ್ತವೆ. ಮಳಿಗೆಗಳದೊಂದು ಗುಂಪು, ಗೋದಾಮುಗಳದೊಂದು ಗುಂಪು ಮಾಡಿ, ಸಮಾನ ನಿಯಮಗಳನ್ನು ಮೇಲಿನ ಗುಂಪಿನಿಂದ ಇಳಿಸಬಹುದು. ಕೇಂದ್ರದ ಪೂರ್ವ ನಿಯಮಗಳು ಮೊದಲು, ಸ್ಥಳೀಯ ನಿಯಮಗಳು ನಡುವೆ, ಕೇಂದ್ರದ ಉತ್ತರ ನಿಯಮಗಳು ಕೊನೆಗೆ ಪರಿಶೀಲನೆಗೊಳ್ಳುತ್ತವೆ. ಮೊದಲು ಹೊಂದಿದ ನಿಯಮವೇ ಅನ್ವಯ. ಆದ್ದರಿಂದ ಬಿಲ್ಲಿಂಗ್ ಗಣಕಕ್ಕೆ ಹೊರಗಿನಿಂದ ಪ್ರವೇಶವಿಲ್ಲವೆಂಬ ನಿಷೇಧವನ್ನು ಪೂರ್ವ ನಿಯಮವಾಗಿಯೇ ಇಡತಕ್ಕದ್ದು. ಅದನ್ನು ಮಳಿಗೆಯಲ್ಲಿ ಕುಳಿತವರು ತಿದ್ದಲಾರರು. ಟೆಂಪ್ಲೇಟ್‌ನ ಮೌಲ್ಯಗಳ ವಿಷಯದಲ್ಲಿ ಈ ಭದ್ರತೆಯಿಲ್ಲ. ಅಧಿಕಾರವುಳ್ಳ ಸ್ಥಳೀಯ ನಿರ್ವಾಹಕರು ಅವನ್ನು ಬದಲಿಸಿಕೊಳ್ಳಬಲ್ಲರು.

ಅಪಾಯವೂ ಇಲ್ಲಿಯೇ ಅಡಗಿದೆ. ಕೇಂದ್ರದಲ್ಲಿ ಆದ ಒಂದು ತಪ್ಪು ಏಕಕಾಲಕ್ಕೆ ಎಲ್ಲ ಮಳಿಗೆಗಳ ವಹಿವಾಟನ್ನು ನಿಲ್ಲಿಸಬಲ್ಲದು. ಬದಲಾವಣೆಯನ್ನು ಮೊದಲು ಹತ್ತಿರದ ಒಂದೇ ಸಾಧನಕ್ಕೆ ಕಳುಹಿಸಿ, ಒಂದು ದಿನದ ವ್ಯಾಪಾರ ನೋಡಿ, ಅನಂತರ ಉಳಿದವಕ್ಕೆ ಕಳುಹಿಸುವುದು ಲೇಸು. ಹಬ್ಬದ ಮುನ್ನಾದಿನವಂತೂ ಬೇಡ.

ಎರಡು ಮೂರು ಸಾಧನಗಳಷ್ಟೇ ಉಳ್ಳವರಿಗೆ ಇಂಥ ತಂತ್ರಾಂಶದ ವೆಚ್ಚ ಹೊರೆಯೇ ಸರಿ. ಅವರು ಒಂದು ಮಾದರಿ ವಿನ್ಯಾಸವನ್ನು ಬರೆದಿಟ್ಟು, ಪ್ರತಿ ಸಾಧನದ ವಿನ್ಯಾಸದ ಪ್ರತಿಯನ್ನು ತೆಗೆದು, ಮೂರು ತಿಂಗಳಿಗೊಮ್ಮೆ ತಾಳೆ ನೋಡಿದರೆ ಸದ್ಯಕ್ಕೆ ಸಾಕು.