ಗಾಡಿ ಜೋಡಿಸಿದ ದೇಶ ಯಾವುದು? ಚಾಸಿ ನಂಬರು ಓದುವ ಪಾಠ

ನಮ್ಮ ಜಮಖಂಡಿ, ಮುಧೋಳ ಭಾಗದಲ್ಲಿ ಕಬ್ಬಿನ ಬಿಲ್ಲು ಕೈಗೆ ಬಂತೆಂದರೆ ಹಳೇ ಗಾಡಿಗಳ ವ್ಯಾಪಾರ ಶುರುವಾಗುತ್ತದೆ. ಬೀಳಗಿ ಕಡೆ ಮುಳುಗಡೆ ಪರಿಹಾರ ಬಂದ ವರ್ಷಗಳಲ್ಲೂ ಇದೇ ನಡೆದಿತ್ತು. ರಬಕವಿ-ಬನಹಟ್ಟಿಗೆ ಸಾಂಗಲಿ, ಕೊಲ್ಲಾಪುರ, ಸೊಲ್ಲಾಪುರದಿಂದಲೂ ಗಾಡಿ ಬರುತ್ತವೆ. ಮಾರುವ ದಲಾಲಿ ಬಾನೆಟ್ ಎತ್ತಿ ಹೇಳುವ ಮಾತು ಒಂದೇ: "ಇದು ನಮ್ಮ ದೇಶದ ಮಾಲಲ್ರಿ, ಹೊರಗ ಜೋಡಿಸಿದ್ದು." ಆ ಒಂದು ಮಾತಿನ ಮೇಲೆ ಐವತ್ತು ಸಾವಿರ, ಎಪ್ಪತ್ತು ಸಾವಿರ ಏರಿಸಿಬಿಡುತ್ತಾನೆ. ಒಂದು ಎಕರೆ ಕಬ್ಬಿನ ಉಳಿತಾಯ ಅಲ್ಲಿಗೇ ಹೋಯ್ತು. ಮಾತು ಖರೇನೋ ಸುಳ್ಳೋ ತಿಳಿಯೋದಕ್ಕೆ ಮೆಕ್ಯಾನಿಕ್ ಬೇಕಾಗಿಲ್ಲ. ಹದಿನೇಳು ಅಕ್ಷರ ಓದಲು ಬಂದರೆ ಸಾಕು.

ಮೊದಲು ಯಾವುದನ್ನು ನಂಬಬಾರದು ಅನ್ನೋದನ್ನ ಹೇಳಿಬಿಡುತ್ತೇನೆ. ನಂಬರ್ ಪ್ಲೇಟು ಗಾಡಿ ನೋಂದಣಿಯಾದ ಊರು ಹೇಳುತ್ತದೆ, ತಯಾರಾದ ಊರನ್ನಲ್ಲ. ಕೆಎ-48 ಅಂದರೆ ಜಮಖಂಡಿ ಕಚೇರಿ, ಕೆಎ-29 ಬಾಗಲಕೋಟೆ, ಎಂಎಚ್-10 ಸಾಂಗಲಿ, ಅಷ್ಟೇ. ಮುಂದಿನ ಜಾಲರಿ ಮೇಲಿನ ಕಂಪನಿ ಗುರುತು ಕಂಪನಿ ಯಾರದು ಅಂತ ಹೇಳುತ್ತದೆ, ಕಾರ್ಖಾನೆ ಎಲ್ಲಿದೆ ಅಂತ ಹೇಳೋದಿಲ್ಲ. ಎಲ್ಲಕ್ಕಿಂತ ಹೆಚ್ಚು ಮೋಸ ನಡೆಯೋದು ಬಿಡಿಭಾಗಗಳ ಮೇಲಿನ ಅಚ್ಚಿನಿಂದ. ಹೆಡ್‌ಲೈಟಿನ ಹಿಂದೆ, ಗಾಜಿನ ಮೂಲೆಯಲ್ಲಿ, ಟಯರಿನ ಬದಿಯಲ್ಲಿ, ಯಾವುದೋ ಸಣ್ಣ ರಿಲೇ ಮೇಲೆ "ಮೇಡ್ ಇನ್ ಜಪಾನ್" ಅಂತ ಇರಬಹುದು. ಅದು ಆ ಸಾಮಾನಿನ ಮಾತು ಮಾತ್ರ. ಜಪಾನಿನ ಬೇರಿಂಗ್ ಹಾಕಿದ ಮಾತ್ರಕ್ಕೆ ನಮ್ಮ ಬಾವಿಯ ಪಂಪು ಜಪಾನಿಂದಾಗುತ್ತದೇನು?

ಬೀಳಗಿ ತಾಲ್ಲೂಕಿನ ನಮ್ಮ ಬೀಗರು ಒಬ್ಬರು ಹಳೇ ಇನ್ನೋವಾ ನೋಡಲು ಹೊರಟಾಗ ನನ್ನನ್ನೂ ಕರೆದಿದ್ದರು. ಮಾರುವವ ಬಾನೆಟ್ ಕೆಳಗೆ ಬ್ಯಾಟರಿ ಬೆಳಕು ಬಿಟ್ಟು ಒಂದು ಭಾಗದ ಮೇಲೆ ಜಪಾನಿನ ಹೆಸರು ತೋರಿಸಿದ. "ನೋಡ್ರಿ ಯಜಮಾನ್ರ, ಸಾಕ್ಷಿ ಕಣ್ಣ ಮುಂದ ಐತಿ" ಅಂದ. ನಾನು ಆರ್‌ಸಿ ಕೇಳಿದೆ. ಚಾಸಿ ನಂಬರಿನ ಮೊದಲ ಮೂರು ಅಕ್ಷರ ಎಂ-ಬಿ-ಜೆ. "ಇದು ನಮ್ಮ ಬಿಡದಿಯೊಳಗ ಜೋಡಿಸಿದ್ದಲ್ಲೇನಪಾ" ಅಂದಾಗ ಅವನು ಅಕ್ಷರ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಹಣದ ಮಾತಿಗೆ ಬಂದ. ಗಾಡಿ ಒಳ್ಳೇದೇ ಇತ್ತು. ಬೀಗರು ಅದನ್ನೇ ಕೊಂಡರು, ಆದರೆ ಜಪಾನಿನ ಹೆಸರಿಗೆ ಏರಿಸಿದ್ದ ಎಪ್ಪತ್ತು ಸಾವಿರ ಕೊಡಲಿಲ್ಲ. ಟೊಯೋಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಹುಟ್ಟಿದ್ದು. ಬಿಡದಿಯಲ್ಲಿ 1999ರ ಕೊನೆಗೆ ಕ್ವಾಲಿಸ್ ತಯಾರಿ ಶುರುವಾಯಿತು. ಕಿರ್ಲೋಸ್ಕರ್ ಹೆಸರು ನಮಗೆ ಹೊಸದಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮಾಡಿದ ಕಬ್ಬಿಣದ ನೇಗಿಲು ನಮ್ಮ ಎರಿ ಹೊಲಗಳ ಕರಿಕಿ ಕಿತ್ತಿದ್ದನ್ನು ಹಿರಿಯರು ಹೇಳುತ್ತಿದ್ದರು.

ಇನ್ನು ಪಾಠಕ್ಕೆ ಬರೋಣ. ಈಗಿನ ಕಾರು, ಜೀಪುಗಳ ಚಾಸಿ ನಂಬರು ಹದಿನೇಳು ಅಕ್ಷರ-ಅಂಕಿಗಳದ್ದು. ಇದು ಜಗತ್ತಿಗೆಲ್ಲ ಒಪ್ಪಿತವಾದ ಪದ್ಧತಿ. ಇದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗಬಾರದೆಂದು. ಹಾಗಾಗಿ ಓ ಕಂಡಂತಾದರೆ ಅದನ್ನು ಸೊನ್ನೆ ಎಂದೇ ಓದಿರಿ.

ಮೊದಲ ಅಕ್ಷರ ಭೂಭಾಗ, ಮೊದಲ ಎರಡು ಸೇರಿದರೆ ದೇಶ, ಮೊದಲ ಮೂರು ಸೇರಿದರೆ ತಯಾರಕ. ಜೆ ಇಂದ ಶುರುವಾದರೆ ಜಪಾನ್. ಡಬ್ಲ್ಯೂ ಆದರೆ ಜರ್ಮನಿ. ಎಲ್ ಆದರೆ ಚೀನಾ. ಕೆ ಅಕ್ಷರದ ಮುಂದೆ ಎಲ್‌ನಿಂದ ಆರ್‌ವರೆಗೆ ಯಾವುದಾದರೂ ಇದ್ದರೆ ದಕ್ಷಿಣ ಕೊರಿಯಾ. 1, 4, 5 ಅಮೆರಿಕ, 2 ಕೆನಡಾ, 3 ಮೆಕ್ಸಿಕೋ ಕಡೆಯವು.

ನಮ್ಮ ದೇಶದ್ದು ಎಂ ಇಂದ ಶುರು. ಆದರೆ ಎಂ ಕಂಡ ತಕ್ಷಣ ಭಾರತ ಅನ್ನಬೇಡಿ, ಎರಡನೇ ಅಕ್ಷರ ನೋಡಲೇಬೇಕು. ಎಂ-ಎ ಇಂದ ಎಂ-ಇ ವರೆಗೆ ಭಾರತ. ಎಂ-ಎಫ್ ಇಂದ ಎಂ-ಕೆ ವರೆಗೆ ಇಂಡೋನೇಷ್ಯಾ. ಎಂ-ಎಲ್ ಇಂದ ಎಂ-ಆರ್ ವರೆಗೆ ಥಾಯ್ಲೆಂಡ್. ಆಮೇಲೆ ಅಕ್ಷರ ಸಾಲದೆ ಎಂ-ಝಡ್ ಕೂಡ ಭಾರತಕ್ಕೆ ಬಂದಿದೆ. ಮಹೀಂದ್ರದ್ದು ಎಂ-ಎ-1, ಮಾರುತಿಯದ್ದು ಎಂ-ಎ-3, ಟಾಟಾದ್ದು ಎಂ-ಎ-ಟಿ, ಮದ್ರಾಸಿನ ಹತ್ತಿರ ಶ್ರೀಪೆರಂಬುದೂರಿನ ಹುಂಡೈ ಎಂ-ಎ-ಎಲ್. ಕಿಯಾ ಹೆಸರು ಕೊರಿಯಾದ್ದು, ಆದರೆ ಎಂ-ಝಡ್-ಬಿ ಅಂತ ಇದ್ದರೆ ಅದು ನಮ್ಮ ಗಡಿಯಾಚೆ ಪೆನುಕೊಂಡದ ಹತ್ತಿರ ತಯಾರಾದದ್ದು. ಅಲ್ಲಿ 2019ರಿಂದ ಕಾರು ಬರುತ್ತಿವೆ. ಈಗಂತೂ ವಿಷಯ ತಿರುಗುಮುರುಗಾಗಿದೆ. ಗುರುಗ್ರಾಮದಲ್ಲಿ ಜೋಡಿಸಿದ ಐದು ಬಾಗಿಲಿನ ಜಿಮ್ನಿಯನ್ನು ಸುಜುಕಿ 2025ರಿಂದ ಜಪಾನಿನಲ್ಲೇ ಮಾರುತ್ತಿದೆ. ನಮ್ಮವರು ಜಪಾನ್ ಅಸೆಂಬ್ಲಿ ಹುಡುಕುವಾಗ ಜಪಾನಿನವರು ಭಾರತದ್ದನ್ನು ಕೊಳ್ಳುತ್ತಿದ್ದಾರೆ!

ಒಂದು ತೊಡಕು ಇದೆ, ಅದನ್ನೂ ತಿಳಿದಿರಬೇಕು. ಮೊದಲ ಮೂರು ಅಕ್ಷರ ಕೆಲವು ಕಂಪನಿಗಳಲ್ಲಿ ಕಂಪನಿಯ ಮನೆಯನ್ನು ಹೇಳುತ್ತವೆ, ಜೋಡಿಸಿದ ಜಾಗವನ್ನಲ್ಲ. ಫೋಕ್ಸ್‌ವ್ಯಾಗನ್ ಕಂಪನಿಯ ಸಿರೋಕೋ ಎಂಬ ಕಾರು ಪೋರ್ಚುಗಲ್ ದೇಶದ ಪಾಲ್ಮೆಲಾದಲ್ಲಿ ತಯಾರಾಗುತ್ತಿತ್ತು. ಆದರೂ ನಂಬರು ಜರ್ಮನಿಯ ಡಬ್ಲ್ಯೂ-ವಿ-ಡಬ್ಲ್ಯೂ. ಕಾರ್ಖಾನೆ ಯಾವುದೆಂದು ಹೇಳುತ್ತಿದ್ದದ್ದು ಹನ್ನೊಂದನೇ ಅಕ್ಷರ. ಸಾಮಾನ್ಯವಾಗಿ ಹನ್ನೊಂದನೇ ಜಾಗವೇ ಕಾರ್ಖಾನೆಯದು, ಆದರೆ ಯಾವ ಅಕ್ಷರ ಯಾವ ಊರು ಅನ್ನೋದು ಕಂಪನಿಗೊಂದು ತೆರ. ಆದ್ದರಿಂದ ಯುರೋಪಿನ ಹೆಸರಿನ ಗಾಡಿಯಾದರೆ ಮೊದಲಕ್ಷರ ನೋಡಿ ಸುಮ್ಮನಾಗದೆ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಪೂರ್ತಿ ನಂಬರು ಕೊಟ್ಟು ಕೇಳಿ. ಹತ್ತನೇ ಅಕ್ಷರ ಬಹಳ ಕಂಪನಿಗಳಲ್ಲಿ ವರ್ಷದ್ದು. ವರ್ಷದ ವಿಷಯಕ್ಕೆ ಆರ್‌ಸಿಯಲ್ಲಿ ಬರೆದ ತಯಾರಿಕೆ ತಿಂಗಳು-ವರ್ಷವನ್ನೇ ಹಿಡಿಯೋದು ಸುಲಭ.

ನಮಗೆ ಹೆಚ್ಚು ಬೇಕಾದ್ದು ಟ್ರ್ಯಾಕ್ಟರು. ಅದರ ಲೆಕ್ಕ ಕಾರಿಗಿಂತ ಬೇರೆ, ಅಕ್ಷರಪಟ್ಟಿಯನ್ನು ಅದಕ್ಕೆ ಹಚ್ಚಿದರೆ ತಪ್ಪು ಉತ್ತರ ಬರುತ್ತದೆ. ಕಬ್ಬಿನ ಟ್ರೇಲರ್ ಎಳೆಯುವ ಹಸಿರು ಜಾನ್ ಡಿಯರ್ ಟ್ರ್ಯಾಕ್ಟರಿನ ಹದಿನೇಳಕ್ಷರದ ನಂಬರು ನೋಡಿ: 1-ಪಿ-ವೈ ಅಂತ ಶುರುವಾಗುತ್ತದೆ. ಕಾರಿನ ಲೆಕ್ಕದಲ್ಲಿ 1 ಅಂದರೆ ಅಮೆರಿಕ. "ಅಮೆರಿಕದಿಂದ ಬಂದದ್ದು" ಅಂತ ಹೇಳಿ ಮಾರುವವರಿಗೆ ಇಷ್ಟು ಸಾಕು. ಆದರೆ ಇಲ್ಲಿ ಪಿ-ವೈ ಅಂದರೆ ಪುಣೆ. ಆ ಕಂಪನಿ ಎಲ್ಲ ಟ್ರ್ಯಾಕ್ಟರಿಗೂ ಮೊದಲು 1 ಹಾಕಿ, ಮುಂದಿನ ಎರಡು ಜಾಗದಲ್ಲಿ ಕಾರ್ಖಾನೆ ಬರೆಯುತ್ತದೆ. ಅಮೆರಿಕದ ವಾಟರ್ಲೂದಲ್ಲಿ ಆದದ್ದಕ್ಕೆ 1-ಆರ್-ಡಬ್ಲ್ಯೂ, ಜರ್ಮನಿಯ ಮಾನ್‌ಹೈಮಿನದಕ್ಕೆ 1-ಎಲ್-ಸೊನ್ನೆ.

ಹಳೇ ಟ್ರ್ಯಾಕ್ಟರುಗಳಲ್ಲಿ ಹದಿನೇಳಕ್ಷರ ಸಿಗೋದಿಲ್ಲ. ಅಲ್ಲಿ ತಗಡಿನ ಪಟ್ಟಿಯೇ ಆಧಾರ. ವಿದೇಶಿ ಹೆಸರಿದ್ದ ಮಾತ್ರಕ್ಕೆ ವಿದೇಶದ್ದಲ್ಲ ಅನ್ನೋದಕ್ಕೆ ಅವೇ ಸಾಕ್ಷಿ. ಮ್ಯಾಸಿ ಫರ್ಗ್ಯುಸನ್ ಮದ್ರಾಸಿನ ಟಾಫೆಯದು, 1960ರ ಹೊತ್ತಿನ ಒಪ್ಪಂದ. ಝೆಟರ್ ಮೂಲದ ಎಚ್‌ಎಂಟಿ 1971ರಿಂದ ಪಿಂಜೋರಿನದು. ಐಷರ್ ಜರ್ಮನಿಯ ಹೆಸರು, ಮೊದಲ ಟ್ರ್ಯಾಕ್ಟರು ಹೊರಬಿದ್ದದ್ದು ಫರಿದಾಬಾದಿನಿಂದ.

ಜೋಡಣೆ ಬೇರೆ, ತಯಾರಿಕೆ ಬೇರೆ ಅನ್ನೋದನ್ನೂ ಇಲ್ಲಿ ಹೇಳಬೇಕು. ಪೆಟ್ಟಿಗೆಯಲ್ಲಿ ಬಿಚ್ಚಿದ ಸಾಮಾನು ತರಿಸಿ ಇಲ್ಲಿ ಬೋಲ್ಟು ಬಿಗಿದರೆ ಅದು ಜೋಡಣೆ. ಜನರಲ್ ಮೋಟರ್ಸ್ 1928ರಲ್ಲಿ ಮುಂಬೈಯ ಶಿವಡಿಯಲ್ಲಿ ಇದನ್ನೇ ಶುರು ಮಾಡಿತು. ಮಹೀಂದ್ರದವರು ಸ್ವಾತಂತ್ರ್ಯದ ಹೊತ್ತಿಗೆ ವಿಲ್ಲಿಸ್ ಜೀಪು ಹೀಗೇ ಜೋಡಿಸುತ್ತಿದ್ದರು. ಇಲ್ಲೇ ಭಾಗ ತಯಾರಿಸುವ ಯೋಜನೆ ಇಲ್ಲದವರಿಗೆ 1953ರ ಸುಂಕ ಆಯೋಗದ ವರದಿಯ ನಂತರ ಜಾಗ ಉಳಿಯಲಿಲ್ಲ, ಜನರಲ್ ಮೋಟರ್ಸ್ ಕೈ ತೊಳೆದುಕೊಂಡಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಮೊದಮೊದಲು ಜಪಾನಿನ ಸಾಮಾನಿನಿಂದಲೇ ಗುರುಗ್ರಾಮದಲ್ಲಿ ಜೋಡಣೆಯಾದದ್ದು. ಹಾಗಾಗಿ ಯಾರಾದರೂ ಹಳೇ ಗಾಡಿಗೆ "ಒಳಗಿನದೆಲ್ಲಾ ಜಪಾನ್" ಅಂದರೆ ಅದು ಕೆಲವು ಸಲ ಖರೆ ಇರಬಹುದು, ಜೋಡಿಸಿದ್ದು ಮಾತ್ರ ಇಲ್ಲೇ. ಅಷ್ಟು ಹಳೇ ಗಾಡಿಗೆ ಈಗ ಆ ಮೂಲಭಾಗ ಎಷ್ಟು ಉಳಿದಿದೆ ಅನ್ನೋದೂ ಬೇರೆ ಪ್ರಶ್ನೆ.

ನಂಬರು ಎಲ್ಲಿ ನೋಡಬೇಕು? ಕಾಗದದ ಮೇಲಿನದು ಸಾಲದು, ಲೋಹದ ಮೇಲೆ ಒತ್ತಿದ್ದನ್ನು ನೋಡಬೇಕು. ಬಾನೆಟ್ ಒಳಗೆ ಹಿಂದಿನ ತಗಡಿನ ಮೇಲೆ, ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಎತ್ತಿದರೆ, ಬಾಗಿಲ ಕಂಬದ ಪಟ್ಟಿಯಲ್ಲಿ, ಜೀಪಾದರೆ ಮುಂದಿನ ಗಾಲಿಯ ಹತ್ತಿರ ಚಾಸಿಯ ಮೇಲೆ ಇರುತ್ತದೆ. ಮಣ್ಣು, ಗ್ರೀಸು ಒರೆಸಿ, ಪೆನ್ಸಿಲಿನ ಪುಡಿ ತಿಕ್ಕಿ ಅದರ ಮೇಲೆ ಅಂಟು ಟೇಪು ಒತ್ತಿ ಕಿತ್ತರೆ ಅಚ್ಚು ಟೇಪಿಗೆ ಬರುತ್ತದೆ. ಅದನ್ನು ಬಿಳಿ ಹಾಳೆಗೆ ಅಂಟಿಸಿ ಆರ್‌ಸಿ, ವಿಮೆ ಎರಡರ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಅಕ್ಷರಗಳ ಸಾಲು ಸೊಟ್ಟಗಿದ್ದರೆ, ಒಂದು ಆಳ ಒಂದು ಮೇಲೆ ಇದ್ದರೆ, ಅರ ತಿಕ್ಕಿದ ಗೆರೆ ಕಂಡರೆ, ಆ ತುಂಡಿನ ಸುತ್ತ ವೆಲ್ಡಿಂಗ್ ಇದ್ದರೆ, ಅಷ್ಟೇ ಜಾಗಕ್ಕೆ ಹೊಸ ಬಣ್ಣ ಬಳಿದಿದ್ದರೆ ಸಂಚಕಾರ ಕೊಡಬೇಡಿ. ಅದು ಕದ್ದ ಗಾಡಿಯಾಗಿದ್ದರೆ ಪೊಲೀಸರು ಒಯ್ಯೋದು ಗಾಡಿಯನ್ನ, ಹೋಗೋದು ನಿಮ್ಮ ರೊಕ್ಕ.

ಇಷ್ಟೆಲ್ಲ ನೋಡಿದ ಮೇಲೆ ಗಾಡಿ ನಿಜವಾಗಿಯೂ ಹೊರದೇಶದಲ್ಲೇ ಜೋಡಣೆಯಾದದ್ದು ಅಂತ ಗೊತ್ತಾದರೆ ಕೆಲಸ ಇನ್ನೂ ಒಂದಿದೆ. ಬಂದರಿನಲ್ಲಿ ಸುಂಕ ಕಟ್ಟಿದ ಕಾಗದ, ಬಿಲ್ ಆಫ್ ಎಂಟ್ರಿ ಅನ್ನುತ್ತಾರೆ, ಅದರ ಪ್ರತಿ ಕೇಳಿರಿ. ಅದರ ಮೇಲಿನ ಚಾಸಿ ನಂಬರೂ ನಿಮ್ಮ ಟೇಪಿನ ಅಚ್ಚೂ ಒಂದೇ ಇರಬೇಕು. ಬೇರೆ ರಾಜ್ಯದ ನೋಂದಣಿಯಿದ್ದರೆ ಅಲ್ಲಿಯ ಆರ್‌ಟಿಓ ಕೊಡುವ ಎನ್‌ಓಸಿಯನ್ನೂ ಮಾರುವವನೇ ತಂದು ಕೊಡಬೇಕು, ಹಣ ಆಮೇಲೆ. ಹೊರಗಿನ ಗಾಡಿಯ ಬಿಡಿಭಾಗ ಜಮಖಂಡಿಯ ಅಂಗಡಿಯಲ್ಲಿ ಸಿಗುತ್ತದೋ ಇಲ್ಲವೋ, ಅದನ್ನು ಬೆಲೆ ಮಾತಾಡುವ ಮುಂಚೆ ನಿಮ್ಮ ಫಿಟ್ಟರನ್ನೇ ಕೇಳಿ ನೋಡಿ.