ತೋಟದ ಕೆಲಸವೂ ಜೇನಿನ ಕೊಂಡಿಯೂ

ತಿಗನಾರೆಯ ಸುತ್ತ ಎತ್ತರದ ಮರಗಳಲ್ಲಿ ಹೆಜ್ಜೇನು ಕಟ್ಟುವುದುಂಟು. ಹೂವಿನ ಮೇಲಿನ ಜೇನು ಸುಮ್ಮನೆ ಕುಟುಕದು. ಗೂಡಿಗೆ ಅಪಾಯವೆಂದು ಕಂಡರೆ ಗುಂಪಾಗಿ ಏಳುತ್ತದೆ. ಆದ್ದರಿಂದ ಗುದ್ದಲಿ ಹಿಡಿಯುವ ಮುನ್ನ ಕೊಂಬೆ, ಬೇಲಿ, ಪೊದೆಗಳನ್ನು ನೋಡತಕ್ಕದ್ದು. ಗೂಡಿನ ಕೆಳಗೆ ಕಸ ಸುಡಕೂಡದು. ಕಪ್ಪು ಬಟ್ಟೆಗಿಂತ ಬಿಳಿಯದು ಲೇಸು.

ಕುಟುಕಿದ ಕೊಂಡಿಯಿಂದ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದೆ. ಅದೇ ಉಳಿದ ಹುಳುಗಳಿಗೆ ಕರೆ. ಆದಕಾರಣ ಕೈಬೀಸದೆ, ಹುಳುವನ್ನು ಹೊಸಕದೆ, ಮುಖ ಮುಚ್ಚಿಕೊಂಡು ಮನೆಯೊಳಕ್ಕೆ ಓಡಿ ಬಾಗಿಲು ಹಾಕಿರಿ. ನೀರಿಗೆ ಧುಮುಕಬೇಡಿ, ಹುಳುಗಳು ಮೇಲೆ ಕಾದಿರುತ್ತವೆ. ಕೊಂಡಿಯನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಮೊದಲ ಕ್ಷಣಗಳಲ್ಲೇ ವಿಷ ಹೆಚ್ಚಾಗಿ ಇಳಿಯುತ್ತದೆ. ಉಸಿರು ಕಟ್ಟಿದರೆ, ಮುಖ ಊದಿದರೆ, ಬಹಳ ಹುಳು ಕುಟುಕಿದ್ದರೆ, ಮನೆಮದ್ದು ನಂಬಿ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಗೂಡಿಗೆ ಬೆಂಕಿ ಮಾತ್ರ ಇಡಬೇಡಿ. ಜೇನು ಬಾರದ ತೋಟದಲ್ಲಿ ಕುಂಬಳದ ಹೂವು ಕಾಯಿ ಕಚ್ಚದೆ ಉದುರುತ್ತದೆ.