ಕೊನೆಯವರ ಜೊತೆ ನಡಿ

ಪುಟ್ಟೂ, ಈ ಭಾನುವಾರ ಕಾಲೇಜಿನ ಹನ್ನೆರಡು ಜನರನ್ನು ಕಟ್ಟಿಕೊಂಡು ರಂಗನತಿಟ್ಟಿಗೆ ಹೊರಟಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಹಕ್ಕಿ ತೋರಿಸುವ ಯಜಮಾನಿಕೆಯೂ ನಿನ್ನದೇ ಅಂತೆ. ಸಂತೋಷ. ಒಂದು ಮಾತು ಕೇಳಿಸಿಕೊಂಡು ಹೋಗು: ಗುಂಪಿನ ಮುಂದೆ ನಡೆಯಬೇಡ, ಹಿಂದೆ ನಡಿ.

ನಾನು ಮೊದಲ ಸಲ ನಮ್ಮ ಬೀದಿಯವರನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ದಂಡನಾಯಕನ ಹಾಗೆ ಮುಂದೆ ಮುಂದೆ ನಡೆದೆ. "ಅದೋ, ಅಲ್ಲಿ!" ಅಂತ ಕೈ ಚಾಚಿ ಚಾಚಿ ಮೂವತ್ತು ಹಕ್ಕಿಗಳ ಪಟ್ಟಿ ಮಾಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಮನೆ ಮೇಷ್ಟ್ರ ಹೆಂಡತಿ ಅಂದರು, "ನಿಮ್ಮ ಬೆರಳು ಚೆನ್ನಾಗಿ ಕಂಡಿತು ಕಣ್ರೀ, ಹಕ್ಕಿ ಒಂದೂ ಕಾಣಲಿಲ್ಲ." ಈಗಲೂ ನೆನೆದರೆ ಚುರ್ ಅನ್ನುತ್ತೆ.

ಅದಕ್ಕೇ ಬೆರಳು ಬಿಡು, ಬಾಯಲ್ಲಿ ಗುರುತು ಹೇಳು. "ಬಿದಿರು ಮೆಳೆಯಿಂದ ಎಡಕ್ಕೆ ಎರಡನೇ ಬಂಡೆ, ನೀರಿನ ಅಂಚು" ಅಂದರೆ ಹಿಂದಿದ್ದವರಿಗೂ ಸಿಗುತ್ತೆ. ಬೈನಾಕ್ಯುಲರ್ ಮೂರೇ ಇದೆಯಲ್ಲ, ಒಬ್ಬರಿಂದ ಒಬ್ಬರಿಗೆ ದಾಟಿ, ಪ್ರತಿಯೊಬ್ಬರೂ ತಿರುಪು ತಿರುಗಿಸಿ ಸರಿಮಾಡಿಕೊಳ್ಳುವಷ್ಟರಲ್ಲಿ ಮಿಂಚುಳ್ಳಿ ಆಚೆ ದಡ ಸೇರಿರುತ್ತೆ. ಮೊದಲು ಬರಿಗಣ್ಣಲ್ಲಿ ಹಕ್ಕಿಯನ್ನು ಹಿಡಿದುಕೊಂಡು, ದೃಷ್ಟಿ ಕೀಳದೆ ಬೈನಾಕ್ಯುಲರನ್ನೇ ಕಣ್ಣಿನ ಹತ್ತಿರ ತರೋಕೆ ಹೇಳಿಕೊಡು. ಚಳಿಯಲ್ಲಿ ಉಸಿರು ತಗುಲಿದರೆ ಗಾಜು ಮಂಜಾಗುತ್ತೆ, ಅದನ್ನು ಸೀರೆ ಸೆರಗಿನಲ್ಲಿ ಒರೆಸುವ ನಿಮ್ಮಜ್ಜಿಯ ಅಭ್ಯಾಸ ಮಾತ್ರ ನಿನಗೆ ಬೇಡ.

ಧನುರ್ಮಾಸದ ಚಳಿ ಅಂತ ಅಮ್ಮ ಹೆದರಿಸುತ್ತಿದ್ದಾಳೆ. ಮೈಸೂರು ಸೀಮೆಯ ಚಳಿ ಕಾಶ್ಮೀರದ್ದಲ್ಲ, ಒಂದು ಮಫ್ಲರ್‌ಗೆ ಬಗ್ಗುತ್ತೆ. ಹೊಸಬರಿಗೆ ಹಕ್ಕಿ ತೋರಿಸೋಕೆ ಇಂಥ ಚಳಿಯೇ ಒಳ್ಳೆಯದು, ಬಿಸಿಲು ಕಾಯಿಸುತ್ತ ಕದಲದೆ ಕೂತಿರುತ್ತವೆ. ಹಾವಕ್ಕಿ ನೋಡು: ಅದರ ಗರಿ ನೀರು ಕುಡಿಯುತ್ತೆ. ಹಾಗಾಗಿಯೇ ಈಜುವಾಗ ಮೈ ಮುಳುಗಿ ಕತ್ತು ಮಾತ್ರ ಹಾವಿನ ಹಾಗೆ ಮೇಲಿರೋದು. ಹೊರಗೆ ಬಂತೋ, ಬಿಸಿಲಿಗೆ ಬೆನ್ನು ಕೊಟ್ಟು ರೆಕ್ಕೆ ಹರಡಿ ಕೂರುತ್ತೆ, ಒಣಗಿಸಿಕೊಳ್ಳೋಕೂ ಹೌದು, ಮೈ ಕಾಯಿಸಿಕೊಳ್ಳೋಕೂ ಹೌದು. ಹನ್ನೆರಡು ಜನ ಸರದಿಯಲ್ಲಿ ನೋಡಿ ಮುಗಿಸಿದರೂ ಅದು ಕದಲೋದು ಅಪರೂಪ. ಬಂಡೆ ಮೇಲೆ ಬಾಯಿ ಕಳೆದುಕೊಂಡು ಬಿಸಿಲು ಕಾಯಿಸುವ ಮೊಸಳೆಯೂ ಅಷ್ಟೇ. ಬಾವಲಿಗಳಂತೂ ರೆಕ್ಕೆಯನ್ನೇ ಕಂಬಳಿಯಾಗಿ ಸುತ್ತಿಕೊಂಡು ತೂಗುತ್ತಿರುತ್ತವೆ. ಮೊದಲು ಇವನ್ನು ತೋರಿಸು. ಕಣ್ಣು ಪಳಗಿದ ಮೇಲೆ, ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ದೊಪ್ಪನೆ ಬೀಳುವ ಕಪ್ಪು ಬಿಳುಪಿನ ಮಿಂಚುಳ್ಳಿಗೆ ಬನ್ನಿ.

ಚಳಿಗೆ ಗರಿ ಉಬ್ಬಿಸಿಕೊಂಡ ಹಕ್ಕಿ ಉಂಡೆಯ ಹಾಗೆ ಕಾಣುತ್ತೆ, ಪುಸ್ತಕದ ಚಿತ್ರಕ್ಕೆ ಹೊಂದೋದಿಲ್ಲ. ಹೆಸರು ತಿಳಿಯದಿದ್ದರೆ "ಗೊತ್ತಿಲ್ಲ" ಅನ್ನು. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವ ಆಟ ಯಾರಾದರೂ ಶುರು ಮಾಡಿದರೆ ಮುಲಾಜಿಲ್ಲದೆ ನಿಲ್ಲಿಸು. ಬೇರೊಂದು ಹಕ್ಕಿ ತನ್ನ ಜಾಗಕ್ಕೆ ನುಗ್ಗಿತು ಅಂದುಕೊಂಡು ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತೆ.

ಹೊಳೆ ಮೇಲಿನ ಮಂಜು ಕರಗುವವರೆಗೆ ಏನಾದರೂ ಹೇಳಬೇಕಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ, ಕಾವೇರಿಗೆ ಕಟ್ಟೆ ಕಟ್ಟಿದ್ದರಿಂದ ಈ ತಿಟ್ಟುಗಳಾದವು ಅಂತ ಹೇಳು. ನೀರು ಬೇಕಾಗಿದ್ದು ಗದ್ದೆಗೆ, ಮನೆ ಸಿಕ್ಕಿದ್ದು ಕೊಕ್ಕರೆಗೆ! ಪಕ್ಷಿತಜ್ಞ ಸಲೀಂ ಅಲಿ ಇಲ್ಲಿಗೆ ಬಂದು ನೋಡಿ ಒತ್ತಾಯಿಸಿದ ಮೇಲೆ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮ ಮಾಡಿತು, 2022ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಇಸವಿಗಳನ್ನು ಹೇಳುತ್ತಾ ಕೂರಬೇಡ, ಕಟ್ಟೆಯ ಕಥೆ ಸಾಕು.

ದೋಣಿ ಹತ್ತಿದ ಮೇಲೆ ನೀನು ಸುಮ್ಮನಿರು. ದೋಣಿಯವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಮೊಸಳೆ ಹತ್ತಿರ ಹೋಗಿ ಅಂತ ಯಾರೂ ಅವರನ್ನು ಪೀಡಿಸದ ಹಾಗೆ ನೋಡಿಕೋ.

ಪಟ್ಟಿ ಬರೆಯುವ ಕೆಲಸವನ್ನು ಎಲ್ಲರಿಗಿಂತ ಹಿಂದೆ ಬೀಳುವವರಿಗೆ ಕೊಡು. ತಾವು ಕಾಣದ್ದನ್ನು ಬರೆಯೋದಿಲ್ಲ ಅಂತ ಅವರು ಹಟ ಹಿಡಿಯಲಿ, ಉಳಿದವರು ಕಾಯಲಿ. ಕಾಫಿಗೆ ನನ್ನ ಹಳೇ ಫ್ಲಾಸ್ಕ್ ತೊಗೊಂಡು ಹೋಗು. ಮುಚ್ಚಳ ಸ್ವಲ್ಪ ಸೋರುತ್ತೆ, ಬ್ಯಾಗಿನಲ್ಲಿ ನೆಟ್ಟಗೆ ನಿಲ್ಲಿಸು.